ಮಿಸ್ಫಾದ ಮಣ್ಣಿನ ಮನೆಗಳಲ್ಲಿ ಅತಿಥಿಗಳು

ಮಸ್ಕತ್‌ನಲ್ಲಿ ದುಡಿಯುವ ನಮ್ಮ ಬ್ಯಾರಿ ಹುಡುಗರು ರಜೆ ಸಿಕ್ಕಾಗ ನಿಝ್ವಾ ಕೋಟೆ, ಜಬಲ್ ಶಮ್ಸ್ ನೋಡಿ ಊರಿಗೆ ಫೋಟೊ ಕಳಿಸುತ್ತಾರೆ. ಅದೇ ಕಡೆ, ಅಲ್ ಹಮ್ರಾ ಪೇಟೆಯಿಂದ ಗುಡ್ಡ ಹತ್ತಿದರೆ ಮಿಸ್ಫಾತ್ ಅಲ್ ಅಬ್ರಿಯೀನ್ ಎಂಬ ಹಳ್ಳಿ ಇದೆ. ಸಾಧ್ಯವಾದರೆ ಒಂದು ರಾತ್ರಿ ಅಲ್ಲಿ ಉಳಿಯಿರಿ ಎನ್ನುತ್ತೇವೆ ನಾವು.

ಅಬ್ರಿ ಕುಲದ ಹಿರಿಯರು ದೊಡ್ಡ ಬಂಡೆಗಳನ್ನೇ ಅಡಿಪಾಯ ಮಾಡಿಕೊಂಡು ಕಲ್ಲು, ಮಣ್ಣಿನಲ್ಲಿ ಕಟ್ಟಿದ ಮನೆಗಳಿವು. ಮಾಡಿಗೆ ಖರ್ಜೂರದ ಮರ. 1970ರ ನಂತರ ಒಮಾನ್‌ನ ಹಳ್ಳಿಗಳಿಗೆ ರಸ್ತೆ, ಕರೆಂಟು ಬಂತು. ಜನ ಹತ್ತಿರದಲ್ಲೇ ಸಿಮೆಂಟಿನ ಮನೆ ಕಟ್ಟಿಕೊಂಡರು, ಹಳೆಯವು ಖಾಲಿ ಬಿದ್ದವು. ಮಣ್ಣಿನ ಮನೆಗೆ ಬೀಗ ಹಾಕಿ ನಾಲ್ಕು ಮಳೆಗಾಲ ಬಿಟ್ಟರೆ ಏನಾಗುತ್ತದೆಂದು ನಮ್ಮೂರಿನವರಿಗೆ ಹೇಳಬೇಕಿಲ್ಲ.

ಕೊನೆಗೆ ಆ ಊರಿನದೇ ಕುಟುಂಬವೊಂದು ಹಿರಿಯರ ಮನೆಯನ್ನು ರಿಪೇರಿ ಮಾಡಿಸಿ ಅತಿಥಿಗಳಿಗೆ ತೆರೆಯಿತು. ಬೇರೆಯವರೂ ಹಾಗೇ ಮಾಡಿದರು. ಖರ್ಜೂರ, ಖಹ್ವಾ, ಅನ್ನ ಮಾಂಸದ ಊಟ, ಸಾದಾ ಕೋಣೆ. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಉತ್ತಮ ಪ್ರವಾಸಿ ಹಳ್ಳಿಗಳನ್ನು ಆರಿಸಿದಾಗ ಮಿಸ್ಫಾದ ಹೆಸರೂ ಅದರಲ್ಲಿತ್ತು. ನಮ್ಮ ದೇಶದಿಂದ ತೆಲಂಗಾಣದ ಪೋಚಂಪಲ್ಲಿ ಇತ್ತು.

ಮನೆಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ, ನಡುವೆ ಫಲಜ್ ಎಂಬ ಕಾಲುವೆ. ಒಮಾನ್‌ನ ಫಲಜ್ ನೀರಿಗೆ ಒಂದು ಕ್ರಮ ಇದೆ. ಮೊದಲು ಕುಡಿಯಲು, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಉಳಿದದ್ದು ತೋಟಕ್ಕೆ. ತೋಟದ ನೀರನ್ನು ಸಮಯದ ಲೆಕ್ಕದಲ್ಲಿ ಪಾಲು ಮಾಡುತ್ತಾರೆ. ಮದ್ರಸದಲ್ಲಿ ನೀರಿನ ಹಕ್ಕಿನ ಮಸಅಲ ವಿವರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ಊರಿನ ಬಾಗಿಲಲ್ಲೇ ಬೋರ್ಡ್ ಇದೆ: ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಯುರೋಪಿನಿಂದ ಬಂದವರಿಗೂ ಇದೇ ಶರತ್ತು.

ನಮ್ಮಲ್ಲಿ ಹೋಮ್‌ಸ್ಟೇ ಎಂದ ಕೂಡಲೇ ಹಿರಿಯರ ಮುಖ ಗಂಟಾಗುತ್ತದೆ. ಹೆಂಗಸರು ಮಕ್ಕಳಿರುವ ಮನೆ, ಬರುವವರು ಯಾರೋ, ಕುಡಿಯುವವರೋ. ಆ ಅಂಜಿಕೆ ಸುಳ್ಳಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ ಕಡೆ ಎಷ್ಟೋ ಹಂಚಿನ ಮನೆಗಳು ಉಪ್ಪ ಮರಣ ಹೊಂದಿದ ಮೇಲೆ ಪಾಲಾಗದೆ ಬೀಗ ಬಿದ್ದಿವೆ. ಒಬ್ಬ ಮಗನಿಗೆ ಮಾರಬೇಕು, ಇನ್ನೊಬ್ಬನಿಗೆ ಬೇಡ, ಇಬ್ಬರೂ ಗಲ್ಫಿನಲ್ಲಿ. ಇಲ್ಲಿ ಪಕ್ಕಾಸು ಕುಂಬಾಗುತ್ತಿದೆ. ಹೆಣ್ಣು ಮಕ್ಕಳ ಪಾಲೂ ಸೇರಿ ಯಾರಿಗೆಷ್ಟು ಹಕ್ಕು ಎಂಬುದು ಮೊದಲು ಬರಹದಲ್ಲಿ ಇತ್ಯರ್ಥವಾಗಲಿ. ಆಮೇಲೆ ಮನೆ ಒಡೆಯದೆ, ಬಂದ ಆದಾಯವನ್ನು ಆ ಪಾಲಿನಂತೆ ಹಂಚಿಕೊಳ್ಳಬಹುದು. ಮನೆಯವರಲ್ಲಿ ಒಬ್ಬರಾದರೂ ಅಲ್ಲಿರಬೇಕು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು, ಮದ್ಯ ಇಲ್ಲ ಎಂದು ಬಾಗಿಲಲ್ಲೇ ಬರೆದಿರಬೇಕು. ಗಿರಾಕಿ ಕಡಿಮೆಯಾದರೆ ಆಗಲಿ.

ಮಿಸ್ಫಾಕ್ಕೆ ಹೋಗುವವರು ಚಳಿಗಾಲದಲ್ಲಿ ಹೋಗಿ. ಗಲ್ಲಿಯೊಳಗೆ ಕಾರು ಹೋಗದು, ಬ್ಯಾಗ್ ಹೊತ್ತು ಇಳಿಯಬೇಕು. ಉಮ್ಮನನ್ನು ಕರೆದುಕೊಂಡು ಹೋಗುವುದಾದರೆ ಮೆಟ್ಟಿಲು ಎಷ್ಟಿವೆ, ಬಾತ್‌ರೂಮ್ ಕೋಣೆಯೊಳಗೇ ಇದೆಯೋ ಎಂದು ಫೋನಿನಲ್ಲೇ ಕೇಳಿಕೊಳ್ಳಿ.