ತಾಲ್ಲೂಕಿನ ಲೆಕ್ಕ: ಪ್ರಾದೇಶಿಕ ಯೋಜಕರು ಮಾಡುವ ಕೆಲಸ

ಸುಗ್ಗಿ ಮುಗಿಯುತ್ತಿದ್ದಂತೆ ದೇವದುರ್ಗ, ಯಾದಗಿರಿ, ಸುರಪುರದ ಬಸ್ ನಿಲ್ದಾಣಗಳಲ್ಲಿ ಸಂಜೆ ಹೊತ್ತಿಗೆ ಗಂಟುಮೂಟೆ ಸಾಲುಗಟ್ಟುತ್ತವೆ. ಜೋಳದ ಹಿಟ್ಟಿನ ಚೀಲ, ಪ್ಲಾಸ್ಟಿಕ್ ಕೊಡ, ಮಡಚಿಟ್ಟ ಕೌದಿ, ಕೌದಿಯ ಮೇಲೆ ನಿದ್ದೆಹೋದ ಕೂಸು. ಬೆಳಗಾಗುವಷ್ಟರಲ್ಲಿ ಬೆಂಗಳೂರು, ಅಲ್ಲಿ ಕಟ್ಟಡದ ಕೆಲಸ, ತಗಡಿನ ಶೆಡ್ಡು. ಊರಲ್ಲಿ ಮುದುಕರು ಉಳಿಯುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಮಗು ಇರುವುದಿಲ್ಲ. ಆ ಸೀಮೆಯವರು ಇದನ್ನು ಗುಳೆ ಎನ್ನುತ್ತಾರೆ.

ಪ್ರಾದೇಶಿಕ ಯೋಜಕರ ಕೆಲಸ ಶುರುವಾಗಬೇಕಾದದ್ದು ಈ ಬಸ್ ನಿಲ್ದಾಣದಿಂದ. ನಗರ ಯೋಜಕರು ಬಡಾವಣೆ, ರಸ್ತೆ, ಚರಂಡಿಗಳ ನಕ್ಷೆ ಹಾಕುತ್ತಾರೆ. ಪ್ರಾದೇಶಿಕ ಯೋಜಕರ ಕಣ್ಣು ಊರು ಊರುಗಳ ನಡುವಿನ ಅಂತರದ ಮೇಲೆ. ಒಂದು ಸೀಮೆಗೆ ಕಾರ್ಖಾನೆ, ಕಾಲೇಜು, ಬ್ಯಾಂಕು ಒಂದರ ಹಿಂದೊಂದು ಬರುತ್ತವೆ. ಇನ್ನೊಂದು ಸೀಮೆ ತನ್ನ ಹುಡುಗರನ್ನೇ ಕಳಿಸಿಕೊಡುತ್ತಾ ಹೋಗುತ್ತದೆ. ಏಕೆ? ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಮುಂದಿರುವ ಪ್ರದೇಶ ಹಿಂದಿರುವ ಪ್ರದೇಶದ ದುಡಿಯುವ ಕೈಗಳನ್ನೂ ಉಳಿತಾಯದ ಹಣವನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ, ಅಂತರ ತಾನಾಗಿ ಕುಗ್ಗುವುದಿಲ್ಲ, ಬೆಳೆಯುತ್ತದೆ ಎಂಬುದು ಅವರ ವಾದ. ಹಾಗಾಗಿ ಯಾರೋ ಕೂತು ಲೆಕ್ಕ ಹಾಕಲೇಬೇಕು.

ಕರ್ನಾಟಕದಲ್ಲಿ ಆ ಲೆಕ್ಕಕ್ಕೆ ಕೂತವರು ಡಾ. ಡಿ.ಎಂ. ನಂಜುಂಡಪ್ಪ. ಅರ್ಥಶಾಸ್ತ್ರದ ಮೇಷ್ಟ್ರು, ಕುಲಪತಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷ ಎಲ್ಲವೂ ಆಗಿದ್ದವರು. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು 2000ದಲ್ಲಿ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ರಚನೆಯಾಯಿತು. 2002ರಲ್ಲಿ ವರದಿ ಬಂತು. ನನ್ನ ಮಟ್ಟಿಗೆ ಆ ಸಮಿತಿಯ ದೊಡ್ಡ ಕೊಡುಗೆ ಹಣದ ಶಿಫಾರಸಿಗಿಂತ ಅದು ಅಳೆದ ರೀತಿ. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿದರು. ಜಿಲ್ಲೆಯ ಸರಾಸರಿಯಲ್ಲಿ ಕೇಂದ್ರದ ಪಟ್ಟಣ ಹೊಳೆಯುತ್ತದೆ. ಅದರ ಬೆಳಕಿನಲ್ಲಿ ಮೂಲೆಯ ತಾಲ್ಲೂಕು ಕಾಣುವುದೇ ಇಲ್ಲ.

ಅಳತೆ ಹೇಗೆಂದು ಒಮ್ಮೆ ನೋಡೋಣ. ನೀರಾವರಿಗೆ ಒಳಪಟ್ಟ ಜಮೀನು, ಸಾಕ್ಷರತೆ, ವೈದ್ಯರ ಸಂಖ್ಯೆ, ರಸ್ತೆಯ ಉದ್ದ, ಬ್ಯಾಂಕ್ ಶಾಖೆ, ಕುಡಿಯುವ ನೀರು, ಹೀಗೆ ಒಟ್ಟು 35 ಸೂಚಕಗಳು. ಉದಾಹರಣೆಗೆ ಒಂದು ಸೂಚಕದಲ್ಲಿ ರಾಜ್ಯದ ಸರಾಸರಿ 50, ನಿಮ್ಮ ತಾಲ್ಲೂಕಿನದು 40 ಎಂದಿಟ್ಟುಕೊಳ್ಳಿ. 40ನ್ನು 50ರಿಂದ ಭಾಗಿಸಿದರೆ 0.8. ಹೀಗೆ ಮೂವತ್ತೈದನ್ನೂ ಲೆಕ್ಕಹಾಕಿ, ಒಂದೊಂದಕ್ಕೂ ಅದರದರ ತೂಕ ಕೊಟ್ಟು ಕೂಡಿಸಿದರೆ ಆ ತಾಲ್ಲೂಕಿನ ಅಭಿವೃದ್ಧಿ ಸೂಚ್ಯಂಕ ಸಿಗುತ್ತದೆ. ರಾಜ್ಯದ ಸರಾಸರಿ ಎಂದರೆ 1. ಅದಕ್ಕಿಂತ ಕಡಿಮೆ ಇದ್ದದ್ದು ಹಿಂದುಳಿದ ತಾಲ್ಲೂಕು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳ ಪೈಕಿ 114 ಈ ಗೆರೆಯ ಕೆಳಗೆ ಬಂದವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಲ್ಲಕ್ಕಿಂತ ಕೆಳಗೆ ನಿಂತದ್ದು ರಾಯಚೂರು ಜಿಲ್ಲೆಯ ದೇವದುರ್ಗ, 0.53. ರಾಜ್ಯದ ಸರಾಸರಿಯ ಅರ್ಧವನ್ನು ಆಗಷ್ಟೇ ದಾಟಿದ ಊರು.

ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲೂ 21 ಅಂದಿನ ಗುಲ್ಬರ್ಗಾ ವಿಭಾಗದವು. ಇದು ಎಲ್ಲರೂ ಊಹಿಸಿದ್ದ ಮಾತೇ. ಆದರೆ ಆ ಪಟ್ಟಿಯನ್ನು ಬೆರಳಿಟ್ಟು ಓದಬೇಕು. ಸಂಡೂರು ಅದರಲ್ಲಿದೆ. ಬೆಟ್ಟಬೆಟ್ಟವೇ ಕಬ್ಬಿಣದ ಅದಿರು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಆದರೂ ಅತ್ಯಂತ ಹಿಂದುಳಿದ ತಾಲ್ಲೂಕು. ಸೇಡಂ ಇದೆ. ನೃಪತುಂಗ ಆಳಿದ ಮಾನ್ಯಖೇಟ, ಇಂದಿನ ಮಳಖೇಡ, ಇರುವುದು ಅದೇ ತಾಲ್ಲೂಕಿನಲ್ಲಿ. ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಎಲ್ಲವೂ ಅಲ್ಲಿವೆ. ಸಿಂಧನೂರು, ಮಾನ್ವಿ ಇವೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿದು ಭತ್ತದ ಗದ್ದೆಗಳಾಗಿ ದಶಕಗಳೇ ಕಳೆದಿದ್ದವು. ಇನ್ನು ದಕ್ಷಿಣಕ್ಕೆ ಬಂದರೆ ಕನಕಪುರ, ಮಾಗಡಿ. ಬೆಂಗಳೂರಿನ ಪಕ್ಕದಲ್ಲೇ ಇರುವ ತಾಲ್ಲೂಕುಗಳು!

ಗಣಿ ಬಂದರೆ, ಕಾಲುವೆ ಬಂದರೆ, ರಾಜಧಾನಿ ಹತ್ತಿರವಿದ್ದರೆ ಊರು ತಾನಾಗಿ ಮೇಲೆ ಬರುತ್ತದೆ ಎಂದು ನಂಬಿದವರು ಈ ಹೆಸರುಗಳ ಮುಂದೆ ನಿಂತು ಯೋಚಿಸಬೇಕು. ಅದಿರು ಲಾರಿ ಹತ್ತಿ ಹೋಗುತ್ತದೆ, ಧೂಳು ಊರಲ್ಲಿ ಉಳಿಯುತ್ತದೆ. ಕಾಲುವೆಯ ನೀರು ಮೇಲ್ಭಾಗದವರ ಗದ್ದೆಗೆ ನುಗ್ಗಿ, ಕೊನೆಯ ಭಾಗದ ರೈತ ಪ್ರತಿ ಹಂಗಾಮಿನಲ್ಲೂ ಧರಣಿ ಕೂರುವಂತಾಗುತ್ತದೆ. ಹೆಣ್ಣುಮಕ್ಕಳು ಓದಿದ್ದಾರೆಯೇ, ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆಯೇ, ಬೆಳೆದದ್ದಕ್ಕೆ ಅಲ್ಲೇ ಬೆಲೆ ಸಿಗುತ್ತದೆಯೇ ಎಂಬ ಪ್ರಶ್ನೆಗಳನ್ನು ಒಳ್ಳೆಯ ಯೋಜಕರು ಅದಿರಿನ ಟನ್ನುಗಳ ಪಕ್ಕದಲ್ಲೇ ಇಟ್ಟು ನೋಡುತ್ತಾರೆ.

ಹಣದ ವಿಷಯ. ಸಮಿತಿ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ 16,000 ಕೋಟಿ ವಿಶೇಷ ಅಭಿವೃದ್ಧಿ ಯೋಜನೆಯದು. ಕೊರತೆ ಹೆಚ್ಚಿದ್ದಲ್ಲಿಗೆ ಪಾಲೂ ಹೆಚ್ಚು ಎಂಬ ನಿಯಮದ ಪ್ರಕಾರ ಉತ್ತರಕ್ಕೆ 60, ದಕ್ಷಿಣಕ್ಕೆ 40 ಪಾಲು. ವಿಶೇಷ ಯೋಜನೆ ಜಾರಿಗೆ ಬಂದದ್ದು 2007-08ರಲ್ಲಿ. ಆಯವ್ಯಯದಲ್ಲಿ ತೋರಿಸಿದ ಹಣವೆಲ್ಲ ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗಲಿಲ್ಲ. ಖರ್ಚಾಗದಿರುವುದಕ್ಕೆ ಉದಾಸೀನವೊಂದೇ ಕಾರಣವಲ್ಲ. ಹಿಂದುಳಿದ ತಾಲ್ಲೂಕಿನಲ್ಲಿ ಅಂದಾಜುಪಟ್ಟಿ ಬರೆಯುವ ಎಂಜಿನಿಯರ್ ಹುದ್ದೆಯೇ ಖಾಲಿ. ಆರೋಗ್ಯ ಕೇಂದ್ರದ ಕಟ್ಟಡ ಏಳುತ್ತದೆ, ದಾದಿಯ ನೇಮಕವಾಗುವುದಿಲ್ಲ. ಹಾಗಾಗಿ ಅನುದಾನ ಎಷ್ಟೆಂದು ಕೇಳುವ ಮೊದಲು ಅದನ್ನು ಕೆಲಸವಾಗಿಸಲು ಅಲ್ಲಿ ಯಾರಿದ್ದಾರೆ ಎಂದು ಕೇಳುವುದನ್ನು ಯೋಜಕರು ಕಲಿಯಬೇಕು. ಇದೇ ಈ ವೃತ್ತಿಯ ಅತಿ ಕಷ್ಟದ ಭಾಗ.

371(ಜೆ) ವಿಧಿ ಕೈಯಿಟ್ಟದ್ದು ಈ ಗಂಟಿಗೇ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ ಇದು ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಜೊತೆಗೆ ಸ್ಥಳೀಯರಿಗೆ ಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲಾತಿ ಕೊಟ್ಟಿತು. ರಾಯಚೂರಿನ ಹುಡುಗಿ ಅಲ್ಲೇ ವೈದ್ಯಕೀಯ ಓದಿ ಅಲ್ಲೇ ಕೆಲಸಕ್ಕೆ ನಿಲ್ಲಲಿ ಎಂಬ ಆಸೆ ಅದರ ಹಿಂದಿದೆ. 2019ರಲ್ಲಿ ಆ ಸೀಮೆಗೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಹೆಸರು ಚೆಂದವಿದೆ, ಖಾಲಿ ಹುದ್ದೆಗಳು ತುಂಬಿದರೆ ಅದು ನಿಜವೂ ಆದೀತು.

ನಂಜುಂಡಪ್ಪನವರು 2005ರಲ್ಲಿ ತೀರಿಕೊಂಡರು. ಅವರ ಸೂಚ್ಯಂಕಕ್ಕೂ ವಯಸ್ಸಾಗಿದೆ. ತಾಲ್ಲೂಕುಗಳ ಸಂಖ್ಯೆ ಈಗ 230 ದಾಟಿದೆ, ಹಲವು ಗಡಿಗಳು ಬದಲಾಗಿವೆ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೊಂದು ರಚನೆಯಾಯಿತು.

ಲೆಕ್ಕ ಎಷ್ಟೇ ಹೊಸದಾಗಲಿ, ಅದನ್ನು ಊರಿನವರು ಕೇಳದಿದ್ದರೆ ಕಡತದಲ್ಲೇ ಉಳಿಯುತ್ತದೆ. ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಪಂಚಾಯಿತಿ ಮತ್ತು ಪುರಸಭೆಗಳಿಂದ ಆಯ್ಕೆಯಾಗಿ ಬರಬೇಕು ಎಂದು ಸಂವಿಧಾನವೇ ಹೇಳಿದೆ. 2002ರ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಎಲ್ಲಿತ್ತು, ಆಮೇಲೆ ಬಂದ ಹಣದಿಂದ ಏನಾಯಿತು, ನಿಮ್ಮ ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ನಿಮ್ಮ ಜಿಲ್ಲಾ ಪಂಚಾಯಿತಿಗೆ ಹೋಗಿ ಕೇಳಿ. ಲಿಖಿತವಾಗಿ ಕೇಳಿ.