ಬಾಡಿಗೆಯ ಮೋಟಾರಿನ ಋಣ

ನಮ್ಮ ಅಳ್ನಾವರದ ಮೇಲೆ ಹಾಯ್ದು ದಾಂಡೇಲಿಯ ಅಡವಿಯನ್ನು ನೋಡಹೋಗುವ ತರುಣರು ಈಗ ಹುಬ್ಬಳ್ಳಿಯಲ್ಲಿ ಕಾರನ್ನು ಬಾಡಿಗೆಗೆ ಹಿಡಿದು ತಾವೇ ನಡೆಸಿಕೊಂಡು ಬರುವರು. ಕಳೆದ ಮಳೆಗಾಲದಲ್ಲಿ ನೆರೆಮನೆಯ ಹುಡುಗನು ಹೀಗೆಯೇ ಹೊರಟು, ಅಡ್ಡಬಂದ ಎಮ್ಮೆಯನ್ನು ತಪ್ಪಿಸಹೋಗಿ ಗಾಡಿಯನ್ನು ಗಿಡಕ್ಕೆ ಹಾಯಿಸಿದನು. ಜೀವಕ್ಕೆ ಅಪಾಯವಾಗಲಿಲ್ಲ. ದುರಸ್ತಿಯ ಬಹುಭಾಗವನ್ನು ವಿಮಾ ಕಂಪನಿಯು ಮಾಲಕನಿಗೆ ತುಂಬಿಕೊಟ್ಟಿತು. ಆದರೂ ಕೆಲವು ದಿನಗಳಲ್ಲಿ, ಪೂರ್ಣ ಮೊತ್ತವನ್ನು ಕೊಡತಕ್ಕದ್ದೆಂದು ಮಾಲಕನ ಪತ್ರವು ಹುಡುಗನಿಗೆ ಬಂದಿತು. ಕೈಯ ಬಳೆಗಳನ್ನು ಅಡವಿಡಲು ಹೊರಟ ಅವನ ತಾಯಿಯು ಮೊದಲು ನನ್ನಲ್ಲಿಗೆ ಬಂದರು. “ಮಾಸ್ತರ, ವಿಮಾದವರು ಕೊಟ್ಟ ಮ್ಯಾಲೂ ನಾವು ಕೊಡಬೇಕೇನ್ರೀ?”

ಪ್ರಶ್ನೆಯ ಬೇರು ಹಳೆಯದು. ಪರರ ಸರಕನ್ನು ಹೊತ್ತೊಯ್ಯುವವನು ಅದನ್ನು ಕಳೆದರೆ ತೆರಬೇಕು, ರಾಜನಿಂದ ಅಥವಾ ದೈವದಿಂದ ಬಂದ ಹಾನಿಗೆ ಮಾತ್ರ ಹೊಣೆಯಲ್ಲ ಎಂಬ ವಿಧಿಯು ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯೇ ಉಂಟು. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯರ ಕಾಲದವನು. ಇಂದಿನ ಆಧಾರವು 1872ರ ಕರಾರು ಕಾಯ್ದೆ. ಅದರ 151 ಮತ್ತು 152ನೆಯ ಕಲಮುಗಳ ಮೇರೆಗೆ, ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ವಹಿಸುವಷ್ಟು ಎಚ್ಚರವನ್ನು ವಹಿಸಿದವನು ಹಾನಿಗೆ ಹೊಣೆಗಾರನಲ್ಲ. ಆದರೆ ವಿಶೇಷ ಕರಾರು ಇರಬಾರದು. ಬಾಡಿಗೆಯ ಕಾಗದದ ಸಣ್ಣಕ್ಷರಗಳಲ್ಲಿ ಅದೇ ಅಡಗಿರುವದು! ನಮ್ಮ ಹುಡುಗನು ಓದದೆಯೇ ಸಹಿ ಹಾಕಿದ್ದನು.

ಆದಕಾರಣ ಏನೂ ಕೊಡಬೇಡಿರೆನ್ನಲು ನನಗೆ ಧೈರ್ಯವಾಗಲಿಲ್ಲ. ಆದರೆ ವಿಮೆಯು ನಷ್ಟವನ್ನು ತುಂಬುವ ಒಪ್ಪಂದವೇ ಹೊರತು ಲಾಭದ ದಾರಿಯಲ್ಲ. ವಿಮೆಯಿಂದ ಬಂದಷ್ಟನ್ನೇ ಪುನಃ ಹುಡುಗನಿಂದ ಪಡೆದು ಮಾಲಕನು ಇಟ್ಟುಕೊಳ್ಳುವಂತಿಲ್ಲ. ಹಣ ಕೊಟ್ಟ ಕಂಪನಿಯು, ಕೊಟ್ಟ ಮಟ್ಟಿಗೆ, ಮಾಲಕನ ಸ್ಥಾನದಲ್ಲಿ ನಿಂತು ತಪ್ಪಿತಸ್ಥನನ್ನು ಕೇಳಬಹುದು; ಸರಕು ಸಾಗಣೆಯ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ವಿವರಿಸಿರುವದು. ಈಗ ಮಾಲಕನಿಗೆ ಕೊಟ್ಟು, ನಾಳೆ ಕಂಪನಿಗೂ ಕೊಡುವ ಪ್ರಸಂಗವು ಬಂದರೆ ಗತಿಯೇನು?

ಮಾಲಕನಿಗೆ ನಿಜವಾಗಿ ಉಳಿದ ನಷ್ಟವು ಬೇರೆ. ಸಾಧಾರಣ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಸವಕಳಿಯೆಂದು ಅರ್ಧ ಬೆಲೆಯನ್ನು ಕಡಿಯುವರು. ಪ್ರತಿ ಬೇಡಿಕೆಯಲ್ಲಿಯೂ ಒಂದು ಮೊತ್ತವನ್ನು ಮಾಲಕನೇ ಹೊರತಕ್ಕದ್ದು. ಗಾಡಿಯು ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯೂ ಕರಾರಿನಲ್ಲಿದ್ದರೆ ಸೇರುವದು. ಸುದೈವದಿಂದ ಆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿದ್ದವು, ಎಂದರೆ ಸ್ವತಃ ನಡೆಸಲು ಬಾಡಿಗೆಗೆ ಕೊಡುವ ಪರವಾನಿಗೆಯಿದ್ದಿತು. ಬಿಳಿಯ ಫಲಕದ ಮನೆಬಳಕೆಯ ಗಾಡಿಯಾಗಿದ್ದರೆ ವಿಮಾದವರು ಹಣವನ್ನೇ ನಿರಾಕರಿಸಬಹುದಾಗಿತ್ತು.

ಗ್ಯಾರೇಜಿನ ಬಿಲ್ಲು, ಸರ್ವೇಯರನ ವರದಿ, ವಿಮಾ ಹಣ ಸಂದ ಪತ್ರ, ಈ ಮೂರನ್ನೂ ಕಳಿಸಬೇಕೆಂದು ಮಾಲಕನಿಗೆ ಪತ್ರ ಬರೆದುಕೊಟ್ಟೆನು. ಕಾಗದಗಳು ಬಂದವು. ವ್ಯತ್ಯಾಸವನ್ನು ಹುಡುಗನು ಎರಡು ಕಂತುಗಳಲ್ಲಿ ಕೊಟ್ಟು, ಇನ್ನು ಬಾಕಿಯಿಲ್ಲವೆಂದು ಬರೆಯಿಸಿ ಪಾವತಿಯನ್ನು ಪಡೆದನು. ಬಳೆಗಳು ತಾಯಿಯ ಕೈಯಲ್ಲಿಯೇ ಇವೆ.