ಬೇಸಿಗೆಯನ್ನು ಮಣ್ಣೊಳಗೆ ಕಳೆಯುವ ಗೌರಿ ಹೂವು

ಪಶ್ಚಿಮಘಟ್ಟದ ಮಡಿಲಿನಲ್ಲಿರುವ ವಯನಾಡನ್ನು ಮಳೆನಾಡೆಂದು ಕರೆಯುವುದು ರೂಢಿಯಾದರೂ ಜಿಲ್ಲೆಯ ಎಲ್ಲ ಮೂಲೆಗಳಿಗೂ ಮಳೆ ಒಂದೇ ಅಳತೆಯಲ್ಲಿ ಬೀಳುವುದಿಲ್ಲ. ತಾಮರಶ್ಶೇರಿ ಘಾಟಿಯ ಮೇಲ್ತುದಿಯಲ್ಲಿರುವ ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಸ್ಥಳಗಳಲ್ಲೊಂದು. ಆದರೆ ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಘಟ್ಟದ ಅಂಚಿನಲ್ಲೇ ಬಹುಪಾಲು ಬರಿದಾಗುವುದರಿಂದ, ಪೂರ್ವಕ್ಕೆ ಕಬಿನಿಯ ದಡದಲ್ಲಿರುವ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಗಳು ಮಳೆನೆರಳಿಗೆ ಸಿಕ್ಕಿ, ಹೊಳೆಯಾಚೆಗಿನ ಕರ್ನಾಟಕದ ಬೈರಕುಪ್ಪೆಯಂತೆಯೇ ಮತ್ತೆ ಮತ್ತೆ ಬರವನ್ನು ಕಾಣುತ್ತವೆ. ಮಳೆ ಧಾರಾಳವಾಗಿರುವ ಪಶ್ಚಿಮದಲ್ಲಿ ಕೂಡ, ಕಾಫಿ ಬೆಳೆಗಾರರು ಹೂಮಳೆಗಾಗಿ ಆಕಾಶ ನೋಡುತ್ತ ಕಾಯುವ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳು ಒಣ ತಿಂಗಳುಗಳೇ. ಆದ್ದರಿಂದ ಇಲ್ಲಿನ ಹೂದೋಟಕ್ಕೆ ಗಿಡವನ್ನು ಆರಿಸುವಾಗ ವರ್ಷದ ಒಟ್ಟು ಮಳೆಗಿಂತ, ಮಳೆಯಿಲ್ಲದ ತಿಂಗಳುಗಳನ್ನು ಆ ಗಿಡ ಹೇಗೆ ಕಳೆಯುತ್ತದೆಂಬುದು ಮುಖ್ಯವಾಗುತ್ತದೆ.

ಬರವನ್ನು ಎದುರಿಸುವ ಸಸ್ಯಗಳ ಉಪಾಯಗಳನ್ನು ವಿಜ್ಞಾನಿಗಳು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಬಂಡೆಗಳ ಮೇಲಿನ ಕೆಲವು ಹಾವಸೆಗಳೂ ಜರಿಗಿಡಗಳೂ ಒಡಲಿನ ನೀರು ಬಹುಪಾಲು ಆರಿಹೋದರೂ ಸಾಯದೆ, ಹನಿ ಬಿದ್ದೊಡನೆ ಮತ್ತೆ ಹಸಿರಾಗುತ್ತವೆ. ಇದು ಬರ ಸಹಿಷ್ಣುತೆ. ಕಳ್ಳಿ, ಲೋಳೆಸರಗಳು ದಪ್ಪ ಕಾಂಡದಲ್ಲೋ ಎಲೆಯಲ್ಲೋ ನೀರನ್ನು ಕೂಡಿಟ್ಟುಕೊಂಡು ಒಣಗುವಿಕೆಯನ್ನೇ ದೂರವಿಡುತ್ತವೆ. ಇದು ಬರ ನಿವಾರಣೆ. ಮೂರನೆಯದು ಬರದಿಂದ ತಪ್ಪಿಸಿಕೊಳ್ಳುವ ಬಗೆಯಾಗಿದ್ದು, ನೆಲ ಒದ್ದೆಯಿರುವಾಗಲೇ ಚಿಗುರಿ, ಹೂಬಿಟ್ಟು, ಕಾಯಿಕಟ್ಟಿ, ಒಣದಿನಗಳನ್ನು ಬೀಜವಾಗಿಯೋ ಗಡ್ಡೆಯಾಗಿಯೋ ಮಣ್ಣಿನೊಳಗೆ ಕಳೆಯುವ ಸಸ್ಯಗಳು ಇದನ್ನು ಅನುಸರಿಸುತ್ತವೆ. ಒಂದು ಮಳೆಗೆ ಮರುಭೂಮಿಯನ್ನೇ ಬಣ್ಣವಾಗಿಸಿ ಕೆಲವೇ ವಾರಗಳಲ್ಲಿ ಮಾಯವಾಗುವ ಕಾಡುಹೂಗಳು ಈ ಗುಂಪಿನವು. ಅದೇ ಜಾಣ್ಮೆಯನ್ನು ವಯನಾಡಿನ ಬೇಲಿಸಾಲಿನಲ್ಲಿ ತೋರುವ ಸಸ್ಯವೇ ಗೌರಿ ಹೂವಿನ ಬಳ್ಳಿ.

ಗೌರಿ ಹಬ್ಬದ ಆಸುಪಾಸಿನಲ್ಲಿ ಅರಳುವುದರಿಂದ ಕನ್ನಡದಲ್ಲಿ ಗೌರಿ ಹೂವೆನಿಸಿರುವ ಇದನ್ನು ಮಲಯಾಳಿಗಳು ಮೇಂತೋನ್ನಿ ಎನ್ನುತ್ತಾರೆ. ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದ 'ಹಾರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಬಳ್ಳಿ 'ಮೆಂದೋನಿ' ಎಂಬ ಮಲಯಾಳದ ಹೆಸರಿನಲ್ಲೇ ಚಿತ್ರಸಹಿತ ಸೇರಿದ್ದು, ಲಿನೇಯಸ್ 1753ರಲ್ಲಿ ಇದಕ್ಕೆ ಇಂದಿಗೂ ಬಳಕೆಯಲ್ಲಿರುವ ಗ್ಲೋರಿಯೋಸಾ ಸೂಪರ್ಬಾ ಎಂಬ ಹೆಸರನ್ನಿಟ್ಟನು. ಸಂಸ್ಕೃತದ ಹೆಸರುಗಳಾದ ಅಗ್ನಿಶಿಖೆ ಮತ್ತು ಲಾಂಗಲಿಗಳಲ್ಲಿ ಮೊದಲನೆಯದು ಹೂವನ್ನು ಕಂಡು ಇಟ್ಟದ್ದಾದರೆ ಎರಡನೆಯದು ಗಡ್ಡೆಯನ್ನು ಕಂಡು ಇಟ್ಟದ್ದು, ಲಾಂಗಲವೆಂದರೆ ನೇಗಿಲು.

ನೇಗಿಲಿನಂತೆ ಎರಡು ತೋಳುಗಳಾಗಿ ಬಾಗಿದ ಈ ಗಡ್ಡೆಯಲ್ಲೇ ಬಳ್ಳಿಯ ಬದುಕಿನ ಗುಟ್ಟು ಅಡಗಿದೆ. ಆಲೂಗಡ್ಡೆಯ ಮೈತುಂಬ ಕಣ್ಣುಗಳಿರುವಂತೆ ಇದಕ್ಕಿಲ್ಲ; ಪ್ರತಿ ತೋಳಿನ ತುದಿಯಲ್ಲಿ ಒಂದೇ ಒಂದು ಮೊಳಕೆಯ ಕಣ್ಣಿದ್ದು, ಅದು ಮುರಿದರೆ ಉಳಿದ ಭಾಗ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಮುಂಗಾರಿನ ಆರಂಭದಲ್ಲಿ ಆ ಕಣ್ಣು ಒಡೆದು ಕಾಂಡ ಮೇಲೇರುತ್ತಿದ್ದಂತೆ ಹಳೆಯ ಗಡ್ಡೆ ತನ್ನ ಪಿಷ್ಟವನ್ನೆಲ್ಲ ಅದಕ್ಕೆ ಧಾರೆಯೆರೆದು ಸುಕ್ಕುಗಟ್ಟುತ್ತದೆ; ಎಲೆಗಳು ಮಳೆಗಾಲದುದ್ದಕ್ಕೂ ತಯಾರಿಸಿದ ಆಹಾರ ಕಾಂಡದ ಬುಡದಲ್ಲಿ ಹೊಸ ಗಡ್ಡೆಯಾಗಿ ಶೇಖರಗೊಳ್ಳುತ್ತದೆ. ಹೀಗೆ ವರ್ಷವರ್ಷವೂ ಗಡ್ಡೆ ಬದಲಾಗುತ್ತಿರುತ್ತದೆಯೇ ಹೊರತು ಬಳ್ಳಿ ಅಳಿಯುವುದಿಲ್ಲ.

ಬಳ್ಳಿಗೆ ಏರಲು ಬೇರೆ ಅಂಗವಿಲ್ಲ. ಎಲೆಯ ತುದಿಯೇ ತೆಳುವಾಗಿ ನೀಳಗೊಂಡು ಸುರುಳಿ ಸುತ್ತಿ ಆಸರೆಯನ್ನು ಹಿಡಿಯುತ್ತದೆ. ತಲೆಬಾಗಿ ಅರಳುವ ಹೂವಿನ ಆರು ಎಸಳುಗಳು ಅಂಚಿನಲ್ಲಿ ಅಲೆಯಲೆಯಾಗಿ ಮಡಿಸಿ ಹಿಂದಕ್ಕೆ ತಿರುಗುತ್ತವೆ. ಅವುಗಳ ಬಣ್ಣ ಮೊದಲು ಹಸಿರು ಮಿಶ್ರಿತ ಹಳದಿ, ಬಳಿಕ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಕೊನೆಗೆ ಪೂರಾ ಕಡುಗೆಂಪು. ಪರಾಗ ಹೊತ್ತ ಆರು ಕೇಸರಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಚಾಚಿದ್ದರೆ, ಪರಾಗವನ್ನು ಸ್ವೀಕರಿಸುವ ಶಲಾಕೆ ಅಂಡಾಶಯದ ಬಳಿಯಲ್ಲೇ ಮುರಿದಿಟ್ಟಂತೆ ಪಕ್ಕಕ್ಕೆ ಬಾಗಿ ಕೇಸರಗಳಿಂದ ದೂರ ಸರಿದಿರುತ್ತದೆ. ಇದರಿಂದ ಹೂವಿನ ಪರಾಗ ಅದೇ ಹೂವಿಗೆ ತಾಗುವುದು ಕಡಿಮೆಯಾಗಿ, ಚಿಟ್ಟೆಯೋ ಸೂರಕ್ಕಿಯೋ ತಂದ ಬೇರೆ ಹೂವಿನ ಪರಾಗಕ್ಕೆ ಅವಕಾಶ ಹೆಚ್ಚುತ್ತದೆ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಬೆಳೆಯುವ ರೈತರು ಇಳುವರಿ ಹೆಚ್ಚಲೆಂದು ಈ ಕೆಲಸವನ್ನು ಕೈಯಾರೆ ಮಾಡುತ್ತಾರೆ.

ತೋಟದಲ್ಲಿ ಬೆಳೆಸುವವರು ಮೇ ಕೊನೆಯಲ್ಲಿ, ಕಣ್ಣು ಮುರಿಯದಂತೆ ಎಚ್ಚರವಹಿಸಿ, ಗಡ್ಡೆಯನ್ನು ಐದಾರು ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ಮಲಗಿಸಬೇಕು. ನೀರು ನಿಂತರೆ ಗಡ್ಡೆ ಕೊಳೆಯುವುದರಿಂದ ಮಣ್ಣಿಗೆ ಮರಳು, ಎಲೆಗೊಬ್ಬರ ಬೆರೆಸುವುದೂ, ಲಕ್ಕಿಡಿ, ವೈತ್ತಿರಿಗಳಂಥ ಕಡೆ ಏರುಮಡಿ ಮಾಡುವುದೂ ಅಗತ್ಯ. ಹತ್ತಲು ಬೇಲಿಯೋ ಕಡ್ಡಿಗಳ ಚಪ್ಪರವೋ ಸಾಕು. ಬೀಜದಿಂದ ಬೆಳೆಸಿದರೆ ಹೂ ಕಾಣಲು ಮೂರು ನಾಲ್ಕು ವರ್ಷ ಕಾಯಬೇಕಾಗುತ್ತದೆ. ಹೂಗಳು ಮುಗಿದು ಎಲೆ ಹಳದಿಯಾಗತೊಡಗಿದಾಗ ಬಳ್ಳಿ ಸಾಯುತ್ತಿದೆಯೆಂದು ಭಾವಿಸಿ ನೀರೆರೆಯುವುದೇ ಸಾಮಾನ್ಯವಾಗಿ ನಡೆಯುವ ತಪ್ಪು; ಆಗ ಗಡ್ಡೆ ಸುಪ್ತಾವಸ್ಥೆಗೆ, ಅಂದರೆ ಬೆಳವಣಿಗೆಯನ್ನು ನಿಲ್ಲಿಸಿ ಉಳಿಯುವ ನಿದ್ರೆಗೆ ಜಾರುತ್ತಿದ್ದು, ಅದಕ್ಕೆ ಒಣ ಮಣ್ಣೇ ಹಿತ.

ಈ ಗಡ್ಡೆಯನ್ನು ಹಂದಿ, ಇಲಿಗಳಿಂದ ಕಾಯುವುದು ಅದರ ವಿಷ. ಬಳ್ಳಿಯ ಎಲ್ಲ ಭಾಗಗಳಲ್ಲೂ, ಮುಖ್ಯವಾಗಿ ಗಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ಕ್ಷಾರಾಭವಿದೆ. ಜೀವಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮನಾಳಿಕೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಲು ಸಸ್ಯತಳಿ ವಿಜ್ಞಾನಿಗಳು 1930ರ ದಶಕದಿಂದ ಇದೇ ಗುಣವನ್ನು ಬಳಸಿಕೊಂಡಿದ್ದು, ಬೀಜರಹಿತ ಕಲ್ಲಂಗಡಿಯ ಹಿಂದೆಯೂ ಅದರ ಕೈವಾಡವಿದೆ. ಗೌಟ್ ಎಂಬ ಕೀಲುನೋವಿಗೂ ಕಾಲ್ಚಿಸಿನ್ ಮದ್ದು. ಆದರೆ ಮದ್ದಿನ ಪ್ರಮಾಣಕ್ಕೂ ಮಾರಕ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಕಾಡುಗೆಣಸನ್ನು ಅಗೆದು ತಿನ್ನುವ ವಾಡಿಕೆಯಿರುವ ವಯನಾಡಿನಲ್ಲಿ ಈ ಗಡ್ಡೆಯನ್ನು ಮಕ್ಕಳಿಗೂ ದನಕರುಗಳಿಗೂ ಎಟುಕದ ಕಡೆ ನೆಡುವುದೂ, ಮುಟ್ಟುವಾಗ ಕೈಗವಸು ಧರಿಸುವುದೂ ಕಡ್ಡಾಯವೆನ್ನಬೇಕು.

ಬರ ತಾಳುವ ತೋಟಕ್ಕೆ ಹೊರನಾಡಿನ ಗಿಡಗಳೇ ಬೇಕೆಂಬ ಭಾವನೆಯನ್ನು ವಯನಾಡಿನ ಕಾಡುಗಳೇ ಪ್ರಶ್ನಿಸುತ್ತವೆ. ನೆರಳಿಗೂ ಅಲಂಕಾರಕ್ಕೂ ತಂದು ನೆಟ್ಟ ಅಮೆರಿಕದ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ಇಂದು ವಯನಾಡು ವನ್ಯಧಾಮದ ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿ ಹಬ್ಬಿದೆ. ಗೌರಿ ಹೂವೂ ಇದಕ್ಕೆ ಹೊರತಲ್ಲ: ತೋಟದ ಅಲಂಕಾರವಾಗಿ ಆಸ್ಟ್ರೇಲಿಯಾ ಸೇರಿದ ಅದು ಅಲ್ಲಿನ ಪೂರ್ವ ಕರಾವಳಿಯ ಮರಳುದಿಬ್ಬಗಳಲ್ಲಿ ಕಳೆಯಾಗಿ ಹರಡಿದೆ. ಪೆರಿಯದಲ್ಲಿ 1981ರಲ್ಲಿ ಆರಂಭವಾದ ಗುರುಕುಲ ಸಸ್ಯಧಾಮ, ಕಲ್ಪೆಟ್ಟದ ಬಳಿಯ ಪುತ್ತೂರ್‌ವಯಲ್‌ನಲ್ಲಿ 1997ರಲ್ಲಿ ನೆಲೆಗೊಂಡ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದ ಕೇಂದ್ರಗಳು ಘಟ್ಟದ ಸಸ್ಯಗಳನ್ನು ಘಟ್ಟದಲ್ಲೇ ಉಳಿಸಿ ಬೆಳೆಸುವ ಕೆಲಸದಲ್ಲಿ ತೊಡಗಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ.

ಫೆಬ್ರವರಿಯಲ್ಲಿ ಗೌರಿ ಹೂವಿನ ಪಾತಿ ಬೋಳು ನೆಲದಂತೆ ಕಾಣುತ್ತದೆ. ಆ ದಿನಗಳಲ್ಲಿ ತೋಟಗಾರನಿಗಿರುವ ಕೆಲಸವೆಂದರೆ ಗುದ್ದಲಿ ತಾಗದಂತೆ ಗಡ್ಡೆಯಿರುವ ಜಾಗಕ್ಕೊಂದು ಗುರುತಿನ ಕಲ್ಲಿಟ್ಟು, ನೀರಿನ ಕೊಳವೆಯನ್ನು ಅತ್ತ ತಿರುಗಿಸದಿರುವುದು ಮಾತ್ರ.